ಎಂಟರ್ ಒತ್ತಬೇಡಿ ಭಾವ!

"ಭಾವ, ಇದು ವಿಂಡೋಸಿನ ಎಂತದೋ ಫೈಲು ಅಳಿಸುವ ಆದೇಶವಂತೆ. ಒತ್ತಿಬಿಡ್ಲಾ?"

"ಬೇಡ! ಭಾವ, ಕೇಳ್ತದಾ? ಎಂಟರ್ ಒತ್ತಬೇ..."

ಲೈನ್ ಕಟ್ಟಾಯಿತು. ಮತ್ತೆ ಮಾಡಿದೆ, ಹೋಗಲಿಲ್ಲ. ಫೋನಿನ ಮೂಲೆಯಲ್ಲಿ ಟವರಿನ ಒಂದು ಕಡ್ಡಿಯೂ ಉಳಿದಿರಲಿಲ್ಲ. ಹೊರಗೆ ಕುಂಭದ್ರೋಣ ಮಳೆ, ಮಧ್ಯಾಹ್ನದಿಂದ ಸರಿಯಾಗಿ ಕರೆಂಟಿಲ್ಲ, ಎಲ್ಲೋ ಹಲಸಿನ ಮರವೊಂದು ಲೈನಿನ ಮೇಲೆಯೇ ಬಿದ್ದಿದೆ ಎಂದು ಸುದ್ದಿ. ಭಾವನ ಮನೆ ಇರುವುದು ತೋಡಿನ ಆಚೆ ಬದಿಯಲ್ಲಿ. ರಸ್ತೆಯಲ್ಲಿ ಸುತ್ತು ಹಾಕಿ ಹೋದರೆ ಮುಕ್ಕಾಲು ಗಂಟೆ, ತೋಟಕ್ಕೆ ಇಳಿದು ಸಂಕ ದಾಟಿದರೆ ಹತ್ತು ನಿಮಿಷ.

ಟಾರ್ಚು ತೆಗೆದುಕೊಂಡು ತೋಟಕ್ಕೆ ಇಳಿದೆ.

ಇದು 2025ರ ಮೇ ತಿಂಗಳ ಕೊನೆಯ ಮಾತು. ಮುಂಗಾರು ಆ ವರ್ಷ ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತ್ತು; 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. 1984ರಲ್ಲಿ ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ್ದೂ ಅದೇ ಮೇ 24ಕ್ಕೆ. ಹುಟ್ಟುಹಬ್ಬದ ಉಡುಗೊರೆ ಆಕಾಶದಿಂದಲೇ ಬಂತು ಎಂದು ಪೆರ್ಲದ ಪೇಟೆಯಲ್ಲಿ ಯಾರೋ ನಗೆಯಾಡಿದ್ದರು. ಆ ರಾತ್ರಿ ನಗುವ ಸ್ಥಿತಿ ಇರಲಿಲ್ಲ. ತೋಡು ಕೆಂಪಾಗಿ ಉಕ್ಕಿ ಅಡಿಕೆ ಬುಡಗಳನ್ನು ಮುಟ್ಟಿತ್ತು. ಸಂಕವೆಂದರೆ ಎರಡು ಅಡಿಕೆಮರಗಳನ್ನು ಜೋಡಿಸಿ ಕಟ್ಟಿದ್ದು, ಹಿಡಿಯಲು ಒಂದು ಬಿದಿರು. ಪಾಚಿ ಕಟ್ಟಿದ ಮರದ ಮೇಲೆ ನೀರು ಒಂದು ಗೇಣು ಮೇಲೆಯೇ ಹರಿಯುತ್ತಿತ್ತು. ಚಪ್ಪಲಿ ಕಳಚಿ ಈಚೆ ದಡದಲ್ಲೇ ಬಿಟ್ಟೆ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡೆ. ಎರಡೂ ಕೈ ಬಿದಿರಿಗೆ. ಪಾದವನ್ನು ಅಡ್ಡ ಇಟ್ಟು, ಬೆರಳಿಂದ ಮರ ಹುಡುಕಿ, ಒಂದು ಹೆಜ್ಜೆ. ಮತ್ತೆ ಹುಡುಕಿ, ಇನ್ನೊಂದು. ನಡುವೆ ಒಂದು ಮಡಲು ತೇಲಿ ಬಂದು ಮೊಣಕಾಲಿಗೆ ಬಡಿಯಿತು. ಬಿದಿರು ಬಾಗಿತು, ಮುರಿಯಲಿಲ್ಲ.

ತಲೆಯೊಳಗೆ ಓಡುತ್ತಿದ್ದದ್ದು ಮಾತ್ರ ಬೇರೆಯೇ ಲೆಕ್ಕ. ಭಾವ ಎಂಟರ್ ಒತ್ತಿದ್ದರೆ?

ಅವರದ್ದು ಶಾಲೆ ಮಾಸ್ಟ್ರಿಕೆ. ಲ್ಯಾಪ್‌ಟಾಪಿನಲ್ಲಿ ಎರಡು ಸಂಸಾರ. ಒಂದು ಕಡೆ ವಿಂಡೋಸ್, ಇನ್ನೊಂದು ಕಡೆ ಕೈಟ್‌ನವರ ಗ್ನು/ಲಿನಕ್ಸ್ 22.04, ಶಾಲೆಗಳಲ್ಲಿ ಎಲ್ಲರೂ ಅದನ್ನು 'ಉಬುಂಟು' ಎಂದೇ ಕರೆಯುವುದು. ಕೇರಳದಲ್ಲಿ 2001ರಲ್ಲಿ ಐಟಿ@ಸ್ಕೂಲ್ ಎಂದು ಶುರುವಾದ ಯೋಜನೆ 2017ರಲ್ಲಿ ಕೈಟ್ ಎಂಬ ಕಂಪನಿಯಾಯಿತು. ಪಾಠ, ತರಬೇತಿ, ಹತ್ತನೆಯ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆ, ಎಲ್ಲವೂ ಸ್ವತಂತ್ರ ತಂತ್ರಾಂಶದಲ್ಲೇ. ಬೆಂಗಳೂರಿನ ಎಷ್ಟೋ ಎಂಜಿನಿಯರುಗಳು ಕಾಲೇಜಿನಲ್ಲಿ ಮೊದಲ ಸಲ ಕಾಣುವ ಲಿನಕ್ಸನ್ನು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಚಡ್ಡಿ ಹಾಕುವ ವಯಸ್ಸಿನಲ್ಲೇ ಕಂಡಿರುತ್ತಾರೆ. ಇದನ್ನು ನಾವು ಯಾಕೋ ಹೆಮ್ಮೆಯಿಂದ ಹೇಳಿಕೊಳ್ಳುವುದೇ ಇಲ್ಲ.

ಆದರೆ ಸ್ಮರಣ ಸಂಚಿಕೆ ಎಂದರೆ ಪೇಜ್‌ಮೇಕರ್. 2001ರ ನಂತರ ಹೊಸ ಆವೃತ್ತಿಯನ್ನೇ ಕಾಣದ, ವಿಂಡೋಸಿನಲ್ಲಿ ಪುಟ ಕಟ್ಟುವ ಹಳೇ ತಂತ್ರಾಂಶ. ಪ್ರೆಸ್ಸಿನವರಿಗೆ ಅದೇ ಬೇಕು, ಹಳೆ ನುಡಿ ಅಕ್ಷರವೇ ಬೇಕು. ಹಾಗಾಗಿ ವಿಂಡೋಸ್ ಇಲ್ಲದೆ ಗತಿಯಿಲ್ಲ. ಭಾವನ ಶಾಲೆಗೆ ನೂರು ವರ್ಷ ತುಂಬಿತ್ತು, ಸಂಚಿಕೆಯ ಸಂಪಾದಕತ್ವ ಅವರ ತಲೆಗೆ ಕಟ್ಟಿದ್ದರು, ಜೂನ್ 2ಕ್ಕೆ ಶಾಲೆ ಬಾಗಿಲು ತೆರೆಯುವುದರೊಳಗೆ ಪುಟಗಳು ಪ್ರೆಸ್ಸಿಗೆ ಹೋಗಬೇಕು. ಅಂದು ಬೆಳಗಿನಿಂದ ಪುಟ ಕಟ್ಟುತ್ತ ಕೂತಿದ್ದರು ಎಂದು ಅಕ್ಕ ಹೇಳಿದ್ದಳು. ಸೇವ್ ಮಾಡುತ್ತ ಹೋಗುವ ಅಭ್ಯಾಸ ಭಾವನಿಗೆ ಇಲ್ಲವೆಂಬುದು ನಮ್ಮ ಇಡೀ ಕುಟುಂಬಕ್ಕೆ ಗೊತ್ತು.

ಜಗಲಿಗೆ ಹತ್ತಿದಾಗ ಮೈಯಿಂದ ನೀರು ಸುರಿಯುತ್ತಿತ್ತು, ಕಣಕಾಲಿನಲ್ಲಿ ಉಂಬುಳ ಕಚ್ಚಿತ್ತು. ಒಳಗೆ ಕತ್ತಲು. ಲ್ಯಾಪ್‌ಟಾಪಿನ ಬೆಳಕಿನಲ್ಲಿ ಭಾವನ ಮುಖ ಮಾತ್ರ. ಬಲಗೈಯ ಕಿರುಬೆರಳು ಎಂಟರ್ ಕೀಲಿಯ ಮೇಲೆ.

"ಒತ್ತಿದ್ರಾ?"

"ಇಲ್ಲ ಭಾವ. ನೀವು ಬೊಬ್ಬೆ ಹಾಕಿದ್ದು ಕೇಳಿತ್ತಲ್ಲ."

ಪರದೆಯ ಮೇಲೆ ಒಂದೇ ಸಾಲು. ಯಾರೋ ಗೆಳೆಯರು ವಾಟ್ಸಾಪಿನಲ್ಲಿ ಕಳಿಸಿದ ಪರಿಹಾರ: ವಿಂಡೋಸ್ ಇರುವ ಸಿ ಡ್ರೈವನ್ನು ಮೌಂಟ್ ಮಾಡು, ಎಂದರೆ ಬಳಕೆಗೆ ತೆರೆ, ಹೈಬರ್‌ಫೈಲನ್ನು ತೆಗೆದುಹಾಕು. ಬ್ಯಾಟರಿ ಶೇ. 13.

ನಡೆದದ್ದು ಇಷ್ಟು. ಮಧ್ಯಾಹ್ನ ಕರೆಂಟು ಹೋದ ಮೇಲೂ ಭಾವ ವಿಂಡೋಸಿನಲ್ಲಿ ಪುಟ ಕಟ್ಟುತ್ತಲೇ ಇದ್ದರು. ಬ್ಯಾಟರಿ ತಳ ಮುಟ್ಟಿತು, ವಿಂಡೋಸ್ ತಾನಾಗಿ ಹೈಬರ್ನೇಟ್ ಆಯಿತು. ಸಂಜೆ ಕರೆಂಟು ಸ್ವಲ್ಪ ಹೊತ್ತು ಬಂದು ಮುಖ ತೋರಿಸಿ ಹೋಯಿತು. ಅಷ್ಟರಲ್ಲಿ ಒಂದಿಷ್ಟು ಚಾರ್ಜು. ಗುಂಡಿ ಒತ್ತಿದಾಗ ಯಾವ ವ್ಯವಸ್ಥೆ ಬೇಕೆಂದು ಕೇಳುವ ಗ್ರಬ್ ಪಟ್ಟಿ ಬಂತು, ಭಾವ ಕನ್ನಡಕ ಹುಡುಕುವುದರೊಳಗೆ ಹತ್ತು ಸೆಕೆಂಡು ಕಳೆದು ಪಟ್ಟಿಯ ಮೊದಲಿನದ್ದಾದ ಉಬುಂಟು ತೆರೆದುಕೊಂಡಿತು. ಇರಲಿ, ಹೆಡ್‌ಮಾಸ್ಟ್ರ ಸಂದೇಶವನ್ನಾದರೂ ಸಂಚಿಕೆಯ ಫೋಲ್ಡರಿಗೆ ಹಾಕಿಡೋಣ ಎಂದು ಹೋದರೆ, ಸಿ ಡ್ರೈವ್ ಓದಲು ಮಾತ್ರ ತೆರೆಯುತ್ತಿದೆ, ಬರೆಯಲು ಬಿಡುತ್ತಿಲ್ಲ. ವಿಂಡೋಸ್ ಹೈಬರ್ನೇಟ್ ಆಗಿದೆ, ವಿಭಾಗ ಸುರಕ್ಷಿತ ಸ್ಥಿತಿಯಲ್ಲಿಲ್ಲ ಎಂದು ಇಂಗ್ಲಿಷಿನಲ್ಲಿ ಎಚ್ಚರಿಕೆ. ಎಚ್ಚರಿಕೆಯನ್ನು ಭಾವ ಅಡ್ಡಿ ಎಂದುಕೊಂಡರು.

"ಭಾವ, ಬೆಳಗ್ಗಿನಿಂದ ಕಟ್ಟಿದ ಪುಟಗಳು ಎಲ್ಲಿ ಉಂಟು ಈಗ?"

"ಪೇಜ್‌ಮೇಕರಿನಲ್ಲಿ."

"ಪೇಜ್‌ಮೇಕರ್ ಎಲ್ಲಿ?"

ಅವರು ಸುಮ್ಮನಾದರು.

ಅದು ಇದ್ದದ್ದು ಅಳಿಸಹೊರಟಿದ್ದ ಆ ಫೈಲಿನೊಳಗೇ. ಹೈಬರ್ನೇಟ್ ಎಂದರೆ ರ್‍ಯಾಮಿನಲ್ಲಿ ಆ ಕ್ಷಣಕ್ಕೆ ಇದ್ದದ್ದನ್ನು, ತೆರೆದ ಪುಟ, ಅರ್ಧ ಟೈಪಾದ ಸಾಲು, ಕರ್ಸರ್ ನಿಂತ ಜಾಗ ಸಹಿತ, ಡಿಸ್ಕಿಗೆ ಬರೆದಿಟ್ಟು ಯಂತ್ರವನ್ನು ಪೂರ್ತಿ ಆರಿಸುವುದು. ಸ್ಲೀಪ್ ಹಾಗಲ್ಲ, ಸ್ಲೀಪಿನಲ್ಲಿ ರ್‍ಯಾಮಿಗೆ ವಿದ್ಯುತ್ತು ಸಣ್ಣಗೆ ಹರಿಯುತ್ತಲೇ ಇರಬೇಕು, ಬ್ಯಾಟರಿ ಪೂರ್ತಿ ಸತ್ತರೆ ನೆನಪೂ ಸತ್ತಿತು. ಹೈಬರ್ನೇಟ್ ಆದ ಯಂತ್ರದ ಬ್ಯಾಟರಿಯನ್ನು ಕಿತ್ತು ಅಟ್ಟದಲ್ಲಿಟ್ಟರೂ ತೊಂದರೆಯಿಲ್ಲ. ವಿಂಡೋಸಿನಲ್ಲಿ ಆ ಬರಹ ಕೂರುವುದು ಸಿ ಡ್ರೈವಿನ ಒಂದು ಅಡಗಿದ ಫೈಲಿನಲ್ಲಿ, ಅದೇ ಹೈಬರ್‌ಫೈಲು. ಅದನ್ನು ಅಳಿಸಿದರೆ ವಿಂಡೋಸಿಗೇನೂ ಆಗದು, ಹೊಸದಾಗಿ ಏಳುತ್ತದೆ. ನೂರು ವರ್ಷದ ಶಾಲೆಯ ಒಂದು ದಿನದ ಪುಟಗಳು ಹೋಗುತ್ತವೆ.

ಇನ್ನೂ ಕೆಟ್ಟ ದಾರಿಯೊಂದಿದೆ. ಹೈಬರ್‌ಫೈಲನ್ನು ಅಳಿಸದೆ, ಒತ್ತಾಯದಿಂದ ಡ್ರೈವಿಗೆ ಬರೆಯುವುದು. ಅದರ ಕಥೆ ಅಣ್ಣತಮ್ಮಂದಿರ ಜಂಟಿ ತೋಟದ ಹಾಗೆ. ಅಣ್ಣ ಲೆಕ್ಕದ ಪುಸ್ತಕವನ್ನು ತಲೆದಿಂಬಿನಡಿ ಇಟ್ಟು ಮಲಗಿದ್ದಾನೆ. ತಮ್ಮ ರಾತ್ರಿ ಎದ್ದು ಗೊನೆ ಕಡಿದ, ಹೊಸ ಸಸಿ ನೆಟ್ಟ. ಬೆಳಗಾಗಿ ಅಣ್ಣ ಎದ್ದವನು ತನ್ನ ಪುಸ್ತಕ ನೋಡಿ, ಅದರಲ್ಲಿದ್ದ ಹಾಗೇ ತೋಟವನ್ನು ಸರಿಪಡಿಸಹೊರಟ. ಸಸಿಯೂ ಹೋಯಿತು, ಗೊನೆಯ ಲೆಕ್ಕವೂ ಹೋಯಿತು. ಮಲಗಿದ ವಿಂಡೋಸಿನ ನೆನಪಿನಲ್ಲಿ ಡಿಸ್ಕಿನ ಯಾವ ತುಂಡು ಯಾವ ಫೈಲಿನದ್ದು ಎಂಬ ಪಟ್ಟಿ ಹಾಗೇ ಇರುತ್ತದೆ. ಎದ್ದ ಮೇಲೆ ಆ ಹಳೇ ಪಟ್ಟಿಯನ್ನೇ ನಂಬಿ ಬರೆಯುತ್ತದೆ. ಹೈಬರ್ನೇಟ್ ಸ್ವತಃ ಅಪಾಯವಲ್ಲ. ಒಬ್ಬ ಮಲಗಿದ್ದಾಗ ಅವನ ನೆಲದಲ್ಲಿ ಇನ್ನೊಬ್ಬ ಕೈಯಾಡಿಸುವುದು ಅಪಾಯ. ಎರಡು ವ್ಯವಸ್ಥೆಗಳ ಕಂಪ್ಯೂಟರಿನಲ್ಲಿ ಆಗುವ ಅನಾಹುತಗಳಲ್ಲಿ ಮುಕ್ಕಾಲುಪಾಲು ಬರುವುದು ಇಲ್ಲಿಂದಲೇ ಎಂದು ನನ್ನ ನಂಬಿಕೆ.

ಶೇ. 12.

"ಈಗ ಎಂತ ಮಾಡುದು?"

"ಉಬುಂಟು ಮುಚ್ಚಿ. ವಿಂಡೋಸನ್ನು ಎಬ್ಬಿಸುವ. ಅದು ಶೇ. 5ಕ್ಕೆ ಪುನಃ ಮಲಗ್ತದೆ. ಅಷ್ಟರೊಳಗೆ ಸೇವ್ ಆಗ್ಬೇಕು."

ಸಾಲನ್ನು ಅಳಿಸಿದೆವು. ಉಬುಂಟು ಮುಚ್ಚಿತು. ಮತ್ತೆ ಗುಂಡಿ. ಗ್ರಬ್ ಪಟ್ಟಿ. ಈ ಸಲ ಭಾವನ ಕನ್ನಡಕ ಮೂಗಿನ ಮೇಲೇ ಇತ್ತು. ಬಾಣ ಒತ್ತಿ ಒತ್ತಿ ಕೆಳಗಿಳಿದು ವಿಂಡೋಸಿಗೆ ಬಂದು ಎಂಟರ್ ಕೊಟ್ಟರು. ಕಪ್ಪು ಪರದೆ. ಸುತ್ತುವ ಚುಕ್ಕಿಗಳು. ಸಿಡಿಲು ಹೊಡೆದು ಮಾಡಿನ ಹಂಚು ಅದುರಿತು. ಒಳಗಿಂದ ಅಕ್ಕ ಕೂಗಿದಳು, "ಚಾರ್ಜರ್ ಪ್ಲಗ್ಗಿನಿಂದ ತೆಗೆದಿದ್ದೀರಾ?" ತೆಗೆದಿರಲಿಲ್ಲ. ಭಾವ ಹಾರಿ ಕಿತ್ತರು.

ಚುಕ್ಕಿಗಳು ಸುತ್ತುತ್ತಲೇ ಇವೆ. ಬಳಿಕ ಒಮ್ಮೆಲೇ ಬೀಗದ ಪರದೆ, ಪಾಸ್‌ವರ್ಡ್, ಅದರ ಹಿಂದೆಯೇ ಪೇಜ್‌ಮೇಕರ್. ಹಳೆ ವಿದ್ಯಾರ್ಥಿಯೊಬ್ಬರ ಲೇಖನದ ನಡುವಲ್ಲಿ ಕರ್ಸರ್ ಮಿನುಗುತ್ತಿದೆ. ಶೇ. 9. ಬೆಳಕು ಕೆಳಗಿಳಿಸಿದೆ, ವೈಫೈ ಆರಿಸಿದೆ. ಸೇವ್. ಡಿಸ್ಕಿನ ದೀಪ ಮಿಣಮಿಣ. ಶೇ. 8. "ಪೆನ್‌ಡ್ರೈವಿಗೂ ಒಂದು ಪ್ರತಿ." ಭಾವ ಅಂಗಿಯ ಕಿಸೆಗೆ ಕೈ ಹಾಕಿದರು, ಇಲ್ಲ, ಮೇಜಿನ ಸೆಳೆಯಲ್ಲಿ ಇಲ್ಲ, ಶಾಲೆಯ ಚೀಲದಲ್ಲಿ, ಊಟದ ಬುತ್ತಿಯ ಅಡಿಯಲ್ಲಿ ಸಿಕ್ಕಿತು. ಪ್ರತಿ ಹೋಗುತ್ತಿದೆ. ಶೇ. 7. ಹಳೇ ಬ್ಯಾಟರಿ ನಂಬುವ ಹಾಗಿಲ್ಲ, ಏಳರಿಂದ ನೇರ ಸೊನ್ನೆಗೆ ಜಾರುವ ಜಾತಿ. ಮುಗಿಯಿತು. ಪೆನ್‌ಡ್ರೈವ್ ಹೊರಗೆ. ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್‌ಡೌನ್.

"ಶಿಫ್ಟ್ ಯಾಕೆ?"

ಯಾಕೆಂದರೆ ವಿಂಡೋಸಿನಲ್ಲಿ ಶಟ್‌ಡೌನ್ ಎಂದರೆ ಶಟ್‌ಡೌನ್ ಅಲ್ಲ. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂದು ಒಂದು ಸೇರಿಸಿದ್ದಾರೆ. ನಾವು ಮುಚ್ಚು ಎಂದಾಗ ಅದು ನಮ್ಮ ಕೆಲಸಗಳನ್ನಷ್ಟೇ ಮುಚ್ಚಿ, ತನ್ನ ಒಳಭಾಗವನ್ನು ಹೈಬರ್ನೇಟ್ ಮಾಡಿಡುತ್ತದೆ, ಮರುದಿನ ಬೇಗ ಏಳಲು. ಅಂದರೆ ಪ್ರತಿ ರಾತ್ರಿ ಅಣ್ಣ ಪುಸ್ತಕ ತಲೆದಿಂಬಿನಡಿ ಇಟ್ಟೇ ಮಲಗುತ್ತಾನೆ. ಶಿಫ್ಟ್ ಹಿಡಿದರೆ ಅಥವಾ ರೀಸ್ಟಾರ್ಟ್ ಕೊಟ್ಟರೆ ಮಾತ್ರ ಪೂರ್ತಿ ಮುಚ್ಚುತ್ತದೆ. ಒಂದೇ ವ್ಯವಸ್ಥೆ ಇದ್ದವರಿಗೆ ಇದರಿಂದ ನಷ್ಟವಿಲ್ಲ. ಎರಡು ಇದ್ದವರ ಮನೆಯಲ್ಲಿ ಇದು ದಿನಾ ಹೊತ್ತಿಸಿಡುವ ಬತ್ತಿ.

ಪರದೆ ಕಪ್ಪಾಯಿತು, ಫ್ಯಾನು ನಿಂತಿತು. ಅಕ್ಕ ಉಂಬುಳಕ್ಕೆ ಉಪ್ಪು ತಂದಳು.

ಮಳೆ ಹೊಳವಾಗಿ ಕರೆಂಟು ಬಂದ ಮೇಲೆ ಯಂತ್ರವನ್ನು ಸರಿಯಾಗಿ ಕಟ್ಟಲು ಕೂತೆವು. ಮುಂಗಾರು ಈಗಷ್ಟೇ ಶುರು, ಇಂಥ ರಾತ್ರಿಗಳು ಇನ್ನೆಷ್ಟೋ ಬರಲಿದ್ದವು. ಉಬುಂಟು ಕೂಡ ಬ್ಯಾಟರಿ ಮುಗಿಯುವ ಮುಂಚೆ ಹೈಬರ್ನೇಟ್ ಆಗಬೇಕು ಎಂಬುದು ಭಾವನ ಆಸೆ. ಉಬುಂಟು 12.04ರಿಂದ ಅದನ್ನು ಮುಚ್ಚಿಯೇ ಇಟ್ಟಿದ್ದಾರೆ. ಮೆನುವಿನಲ್ಲಿ ಹುಡುಕಿದರೆ ಸಿಗದು. ಯಾಕೆ ಮುಚ್ಚಿಟ್ಟರು ಎಂದು ಸಿಟ್ಟು ಮಾಡುವವರಿದ್ದಾರೆ. ಎಲ್ಲ ಯಂತ್ರಗಳಲ್ಲೂ ಸರಿಯಾಗಿ ಏಳುತ್ತದೆ ಎಂಬ ಭರವಸೆ ಇಲ್ಲದ್ದನ್ನು ಎಲ್ಲರ ಕೈಗೂ ಕೊಡದಿದ್ದದ್ದು ನನಗೆ ಸರಿಯೆಂದೇ ಕಾಣುತ್ತದೆ.

ಮೊದಲು ಎಲ್ಲ ಕಡತಗಳ ಪ್ರತಿ ಹೊರಗಿನ ಡಿಸ್ಕಿಗೆ. ಅದು ಆಗುವ ತನಕ ಭಾವನಿಗೆ ಯಾವುದನ್ನೂ ಮುಟ್ಟಲು ಬಿಡಲಿಲ್ಲ. ಬಳಿಕ ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಗುರುತು ತೆಗೆದೆವು. ಹೈಬರ್ನೇಟನ್ನು ಮಾತ್ರ ಉಳಿಸಿದೆ. ಒಂದೇ ಆದೇಶದಲ್ಲಿ ಎರಡನ್ನೂ ಕಿತ್ತು ಹಾಕಬಹುದು, ರ್‍ಯಾಮಿನ ಶೇ. 40ರಷ್ಟು ದೊಡ್ಡ ಫೈಲು ಮಾಯವಾಗಿ ಜಾಗವೂ ಸಿಗುತ್ತದೆ, ಹಲವರು ಅದನ್ನೇ ಹೇಳುತ್ತಾರೆ. ಆದರೆ ಅಂದು ಸಂಚಿಕೆಯನ್ನು ಉಳಿಸಿದ್ದು ಅದೇ ಫೈಲು.

ಆಮೇಲೆ ಜಾಗ. ಉಬುಂಟು ತನ್ನ ನೆನಪನ್ನು ಬರೆದಿಡುವುದು ಸ್ವಾಪ್‌ನಲ್ಲಿ. ತಾನಾಗಿ ಮಾಡಿಕೊಂಡಿದ್ದ ಸ್ವಾಪ್ ಫೈಲು 2 ಜಿಬಿ. ಭಾವನ ರ್‍ಯಾಮು 8. ತುಂಬಿದ ರ್‍ಯಾಮು ಅದರಲ್ಲಿ ಹಿಡಿಸುವ ಮಾತೇ ಇಲ್ಲ. ಸಿ ಡ್ರೈವನ್ನು ವಿಂಡೋಸಿನ ಸ್ವಂತ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಕುಗ್ಗಿಸಿ, ಪೂರ್ತಿ ಮುಚ್ಚಿ, ಉಬುಂಟಿನಲ್ಲಿ ಆ ಖಾಲಿ ಜಾಗದಲ್ಲಿ 12 ಜಿಬಿಯ ಸ್ವಾಪ್ ವಿಭಾಗ ಮಾಡಿದೆವು. ವಿಂಡೋಸಿನ ನೆಲವನ್ನು ವಿಂಡೋಸೇ ಅಳೆಯಲಿ ಎಂಬುದು ನನ್ನ ಹಠ. ಹೊಸ ವಿಭಾಗದ ಉದ್ದದ ಗುರುತು ಸಂಖ್ಯೆ, ಯುಯುಐಡಿ, ಅದನ್ನು ವಿಭಾಗಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬಿನಲ್ಲಿ ಬರೆದು ಹಳೆ ಸ್ವಾಪ್ ಫೈಲನ್ನು ತೆಗೆದೆವು. ಗ್ರಬ್ಬಿನ ಸಾಲಿನಲ್ಲಿ 'ಇಲ್ಲಿಂದ ರೆಸ್ಯೂಮ್ ಆಗು' ಎಂದು ಅದೇ ಸಂಖ್ಯೆ ಬರೆದೆವು. ಉಬುಂಟು ಏಳುವಾಗ ಮೊದಲು ತೆರೆದುಕೊಳ್ಳುವ ಇನಿಟ್‌ರಾಮ್‌ಎಫ್‌ಎಸ್‌ಗೂ ಅದನ್ನೇ ತಿಳಿಸಿ ಎರಡನ್ನೂ ಮತ್ತೆ ಕಟ್ಟಿಸಿದೆವು. ಏಳುವ ಹೊತ್ತಿಗೆ ತನ್ನ ನೆನಪು ಎಲ್ಲಿದೆ ಎಂದು ಕರ್ನಲ್‌ಗೆ ಯಾರಾದರೂ ಹೇಳಲೇಬೇಕಲ್ಲ. ಭಾವ ಸಂಖ್ಯೆಯನ್ನು ಓದಿದರು, ನಾನು ಬರೆದೆ, ಅಕ್ಕ ಮತ್ತೊಮ್ಮೆ ಓದಿ ತಾಳೆ ನೋಡಿದಳು.

ಪರೀಕ್ಷೆಗೆ ಮುಂಚೆ ಕರ್ನಲ್‌ನ ಕಡತವೊಂದನ್ನು ತೆರೆದು ನೋಡಿದೆ. ಹೈಬರ್ನೇಟ್: ನಿಷೇಧ.

"ಇಷ್ಟೆಲ್ಲ ಮಾಡಿದ್ದು ದಂಡವಾ?"

ದಂಡವಲ್ಲ. ಸಹಿ ಇಲ್ಲದ ತಂತ್ರಾಂಶ ಏಳದಂತೆ ಕಾಯುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಉಬುಂಟಿನ ಕರ್ನಲ್ ತನ್ನನ್ನು ತಾನೇ ಬಿಗಿದುಕೊಳ್ಳುತ್ತದೆ. ಡಿಸ್ಕಿನಲ್ಲಿ ಮಲಗಿದ ನೆನಪನ್ನು ಯಾರಾದರೂ ತಿದ್ದಿರಬಹುದು ಎಂದು ಹೈಬರ್ನೇಟಿಗೇ ಅವಕಾಶ ಕೊಡುವುದಿಲ್ಲ. ಬೇಕೆಂದರೆ ಬಯಾಸಿಗೆ ಹೋಗಿ ಸೆಕ್ಯೂರ್ ಬೂಟ್ ಆರಿಸಬೇಕು, ಒಂದು ಕಾವಲು ಕಡಿಮೆಯಾಗುತ್ತದೆ ಎಂದು ಒಪ್ಪಿಕೊಂಡೇ ಆರಿಸಬೇಕು. ಆರಿಸುವ ಮೊದಲು ಇನ್ನೊಂದನ್ನು ನೋಡಲೇಬೇಕು: ಬಿಟ್‌ಲಾಕರ್. ಇತ್ತೀಚಿನ ವಿಂಡೋಸ್ 11 ಲ್ಯಾಪ್‌ಟಾಪುಗಳು ಕೇಳದೆಯೇ ಡಿಸ್ಕಿಗೆ ಬೀಗ ಹಾಕಿಕೊಂಡು ಬರುತ್ತವೆ. ಹಾಗಿದ್ದು ಸೆಕ್ಯೂರ್ ಬೂಟ್ ಮುಟ್ಟಿದರೆ ಮುಂದಿನ ಸಲ ನೀಲಿ ಪರದೆ, 48 ಅಂಕಿಗಳ ಕೀಲಿ ಕೊಡು ಎಂದು. ಭಾವನ ಸಹೋದ್ಯೋಗಿಯೊಬ್ಬರು ಹೀಗೆ ಸಿಕ್ಕಿಬಿದ್ದು, ಆ ಕೀಲಿ ತಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆ ಎಂದು ತಿಳಿದು, ಖಾತೆಯ ಪಾಸ್‌ವರ್ಡ್ ಮರೆತು, ರಜೆಯ ಒಂದು ಭಾಗವನ್ನೇ ಕಳೆದಿದ್ದರು. ಕೀಲಿಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆದು, ಆಮೇಲಷ್ಟೇ ಬಯಾಸು. ಭಾವನ ಯಂತ್ರಕ್ಕೆ ಬೀಗ ಬಿದ್ದಿರಲಿಲ್ಲ. ಬಿದ್ದಿದ್ದರೆ ಆ ರಾತ್ರಿ ಉಬುಂಟು ಸಿ ಡ್ರೈವನ್ನು ಓದುತ್ತಲೂ ಇರಲಿಲ್ಲ.

ಬಯಾಸು ದಾಟಿ ಬಂದೆವು. ನಿಷೇಧ ಹೋಗಿತ್ತು.

ಪರೀಕ್ಷೆಗೆ ಕಳೆದುಹೋದರೂ ಅಳದಂಥ ಒಂದು ಪುಟ ಬೇಕು. ಭಾವ ಖಾಲಿ ಕಡತ ತೆರೆದು 'ಉಬುಂಟು ಮಲಗಲಿ, ಏಳಲಿ' ಎಂದು ಬರೆದರು, ಸೇವ್ ಮಾಡಲಿಲ್ಲ. ಆದೇಶ ಕೊಟ್ಟೆ. ಪರದೆ ಆರಿತು. ದೀಪ ಉರಿಯುತ್ತಿದೆ, ಉರಿಯುತ್ತಿದೆ. ಈ ಹೊತ್ತಿನಲ್ಲಿ ಗಾಬರಿಯಾಗಿ ಗುಂಡಿ ಒತ್ತಿ ಹಿಡಿದವರು ಕೆಟ್ಟರು. ಬರೆಯುವುದು ಅರ್ಧಕ್ಕೇ ನಿಲ್ಲುತ್ತದೆ. ಭಾವನ ಕೈ ಹಿಡಿದು ಕೂತೆ. ದೀಪ ಆರಿತು. ಚಾರ್ಜರ್ ಕಿತ್ತೆವು. ಗುಂಡಿ, ಗ್ರಬ್, ಉಬುಂಟು, ಕಪ್ಪು, ಇನ್ನೂ ಕಪ್ಪು...

ಬಂತು. ಸಾಲೂ ಬಂತು, ಕರ್ಸರೂ ಬಂತು. ಭಾವ ಚಪ್ಪಾಳೆ ತಟ್ಟಿದರು.

ಉಳಿದದ್ದು ಜಂಟಿ ನೆಲದ ಪ್ರಶ್ನೆ. ಡಿ ಡ್ರೈವ್ ಎರಡೂ ಕಡೆಯಿಂದ ಬಳಕೆಯಾಗುತ್ತಿತ್ತು, ಉಬುಂಟು ಏಳುವಾಗಲೇ ಅದನ್ನು ಮೌಂಟ್ ಮಾಡಿಕೊಳ್ಳುತ್ತಿತ್ತು. ಈಗ ಉಬುಂಟೂ ಮಲಗಬಲ್ಲದು. ಡಿ ಡ್ರೈವನ್ನು ಕೈಯಲ್ಲಿ ಹಿಡಿದೇ ಮಲಗಿದರೆ, ಆಚೆ ವಿಂಡೋಸ್ ಎದ್ದು ಅಲ್ಲಿ ಬರೆದರೆ, ತಿರುಗಿ ಅದೇ ಕಥೆ. ವಿಂಡೋಸಿಗೆ ಉಬುಂಟು ಮಲಗಿದೆಯೆಂದು ಗೊತ್ತೂ ಆಗದು, ಎಚ್ಚರಿಕೆಯೂ ಬಾರದು. ಮಲಗುವ ಮುಂಚೆ ತಾನಾಗಿ ಡ್ರೈವ್ ಬಿಟ್ಟುಕೊಡುವ ಸಣ್ಣ ಸ್ಕ್ರಿಪ್ಟ್ ಬರೆಯಬಹುದು. ಆದರೆ ಆ ಡ್ರೈವಿನ ಒಂದು ಕಡತ ತೆರೆದೇ ಇದ್ದರೆ ಸ್ಕ್ರಿಪ್ಟ್ ಸೋಲುತ್ತದೆ, ಸೋತರೂ ಹೈಬರ್ನೇಟ್ ನಿಲ್ಲುವುದಿಲ್ಲ. ಅದಕ್ಕೇ ನಾನು ಒರಟು ದಾರಿ ಹಿಡಿದೆ: ಉಬುಂಟಿನಲ್ಲಿ ಡಿ ಡ್ರೈವ್ ತಾನಾಗಿ ಮೌಂಟ್ ಆಗಬಾರದು, ಕೇಳಿದಾಗ ಆದರೂ ಓದಲು ಮಾತ್ರ. ಉಬುಂಟಿನ ಕೆಲಸ ಉಬುಂಟಿನ ಮನೆಯಲ್ಲೇ. ಆಚೆ ದಾಟಿಸಬೇಕಾದ್ದು ಪೆನ್‌ಡ್ರೈವಿನಲ್ಲಿ. ಎರಡೂ ಹಂಚಿಕೊಳ್ಳುವ ಬೂಟ್ ವಿಭಾಗವನ್ನೂ ಬೇಕಾದಾಗ ಮಾತ್ರ ತೆರೆಯುವ ಹಾಗೆ ಮಾಡಿದೆ. ಡಿ ಡ್ರೈವಿನ ಎನ್‌ಟಿಎಫ್‌ಎಸ್ ಮಾದರಿಯನ್ನು ಬಿಟ್ಟು ಎಕ್ಸ್‌ಫ್ಯಾಟ್ ಮಾಡಿದರೆ ಈ ತಕರಾರೇ ಇಲ್ಲ ಎಂದು ಭಾವನ ಗೆಳೆಯರ ಸಲಹೆ ಬಂತು. ತಕರಾರು ಇಲ್ಲದಿರುವುದೇ ಅದರ ಅಪಾಯ: ವಿಂಡೋಸ್ ಮಲಗಿದೆ, ಮುಟ್ಟಬೇಡ ಎಂದು ತಡೆಯುವ ಗುಣ ಎನ್‌ಟಿಎಫ್‌ಎಸ್‌ಗೆ ಇದೆ, ಎಕ್ಸ್‌ಫ್ಯಾಟ್‌ಗೆ ಇಲ್ಲ.

ಕೊನೆಗೆ ಬ್ಯಾಟರಿ. ಉಬುಂಟು ಶೇ. 2ಕ್ಕೆ ಎಚ್ಚೆತ್ತುಕೊಳ್ಳುವ ಪದ್ಧತಿ. ಭಾವನ ಬ್ಯಾಟರಿಗೆ ಎರಡು ಎಂಬ ಅಂಕೆಯ ಪರಿಚಯವೇ ಇಲ್ಲ. ಬ್ಯಾಟರಿ ನೋಡಿಕೊಳ್ಳುವ ಯುಪವರ್‌ನ ಕಡತದಲ್ಲಿ ಚಾರ್ಜಿನ ಮೂರು ಹಂತಗಳ ಅಂಕೆಗಳನ್ನು 25, 15, 10 ಎಂದು ಏರಿಸಿ, ಹತ್ತಕ್ಕೆ ಹೈಬರ್ನೇಟ್ ಎಂದು ಬರೆದೆ. ಮೂರೂ ಇಳಿಯುವ ಕ್ರಮದಲ್ಲೇ ಇರಬೇಕು, ಇಲ್ಲದಿದ್ದರೆ ನಮ್ಮದನ್ನು ಬಿಟ್ಟು ತನ್ನ ಹಳೇ ಲೆಕ್ಕಕ್ಕೆ ಹೋಗುತ್ತದೆ.

ನಿಜವಾದ ಪರೀಕ್ಷೆ ಜೂನಿನ ನಡುವೆ ಬಂತು. ಗಾಳಿ, ಮಳೆ, ಕತ್ತಲು. ಭಾವ ಉಬುಂಟಿನಲ್ಲಿ ಪಾಠದ ಟಿಪ್ಪಣಿ ಬರೆಯುತ್ತ ಜಗಲಿಯ ಕುರ್ಚಿಯಲ್ಲೇ ನಿದ್ದೆಹೋಗಿದ್ದರು. ಶೇ. 10ಕ್ಕೆ ಯಂತ್ರ ತಾನಾಗಿ ಮಲಗಿತು. ಬೆಳಗ್ಗೆ ಕರೆಂಟು ಬಂತು. ಭಾವ ಏಳುವ ಮುಂಚೆ ಅವರ ಮಗ, ನನ್ನ ಅಳಿಯ, ಎದ್ದ. ಗುಂಡಿ ಒತ್ತಿ, ವಿಂಡೋಸ್ ಆಯ್ದು, ಫೋನಿನ ಚಿತ್ರಗಳನ್ನೆಲ್ಲ ಡಿ ಡ್ರೈವಿಗೆ ಸುರಿದ.

ಭಾವ ಫೋನು ಮಾಡಿದಾಗ ಸ್ವರ ನಡುಗುತ್ತಿತ್ತು. ಈ ಸಲ ತೋಡು ಇಳಿದಿತ್ತು, ಸಂಕ ಒಣಗಿತ್ತು, ಆದರೂ ಓಡಿದೆ.

"ಏನನ್ನೂ ಒತ್ತಿಲ್ಲ ತಾನೆ?"

"ವಿಂಡೋಸ್ ಪೂರ್ತಿ ಮುಚ್ಚಿದ್ದೇನೆ ಮಾವ," ಎಂದ ಅಳಿಯ. "ಅಪ್‌ಡೇಟ್ ಕೇಳಿತು, ಬೇಡ ಅಂದೆ."

"ಭಾವ, ನಿನ್ನೆ ರಾತ್ರಿ ಡಿ ಡ್ರೈವ್ ತೆರೆದಿದ್ರಾ?"

ಭಾವ ಹಣೆ ಒತ್ತಿಕೊಂಡರು. "ನೆನಪಿಲ್ಲ. ತೆರೆದಿದ್ದೇನೋ."

ಮಲಗಿದ ಉಬುಂಟಿನ ಹೊಟ್ಟೆಯೊಳಗೆ ಇಣುಕಿ ನೋಡುವಂತಿಲ್ಲ. ಎರಡು ದಾರಿ. ಎಬ್ಬಿಸುವುದು, ಇಲ್ಲವೇ ಗ್ರಬ್ಬಿನಲ್ಲಿ 'ಇ' ಒತ್ತಿ, ಸಾಲಿನ ಕೊನೆಗೆ 'ನೋರೆಸ್ಯೂಮ್' ಎಂದು ಸೇರಿಸಿ, ನಿದ್ದೆಯ ನೆನಪನ್ನೇ ಬಿಟ್ಟು ಹೊಸದಾಗಿ ಏಳಿಸುವುದು. ಎರಡನೆಯದರಲ್ಲಿ ಡಿಸ್ಕ್ ಉಳಿಯುತ್ತದೆ, ಟಿಪ್ಪಣಿ ಹೋಗುತ್ತದೆ. ಬರೆಯಲು ಬಿಟ್ಟ ಡ್ರೈವ್ ಆಗಿದ್ದರೆ ಕಣ್ಣು ಮುಚ್ಚಿ ಅದನ್ನೇ ಮಾಡುತ್ತಿದ್ದೆ. ಒಂದು ರಾತ್ರಿಯ ಬರಹಕ್ಕಾಗಿ ಇಡೀ ಡ್ರೈವನ್ನು ಪಣಕ್ಕಿಡುವ ಜೂಜು ಬೇಡ. ಆದರೆ ಇದು ಓದಲು ಮಾತ್ರದ್ದು. ತೆರೆದಿದ್ದರೂ ಉಬುಂಟು ಅಲ್ಲಿ ಏನನ್ನೂ ಬರೆಯಲಾರದು. ಹೆಚ್ಚೆಂದರೆ ಹಳೇ ಪಟ್ಟಿ ಹಿಡಿದು ತಪ್ಪುತಪ್ಪಾಗಿ ಓದೀತು.

ಗ್ರಬ್ಬಿನಲ್ಲಿ ಉಬುಂಟು ಆಯ್ದೆ. ಕಪ್ಪು. ಭಾವ ಉಸಿರು ಬಿಗಿಹಿಡಿದಿದ್ದರು, ಅಳಿಯ ಬಾಗಿಲ ಹಿಂದೆ ನಿಂತಿದ್ದ. ಟಿಪ್ಪಣಿ ಎದುರಿಗೆ ಬಂತು. ಕೊನೆಯ ಪದದ ನಂತರ ಮೂರು ಸಾಲು ಬರೇ 'ಕ' ಇತ್ತು, ನಿದ್ದೆಯಲ್ಲಿ ಬೆರಳು ಕೀಲಿಯ ಮೇಲೆ ಕೂತದ್ದು. ಡಿ ಡ್ರೈವ್ ತೆರೆದೇ ಇತ್ತು. ಮೊದಲು ಅದನ್ನು ಬಿಡಿಸಿದೆ, ಮತ್ತೆ ಮೌಂಟ್ ಮಾಡಿದೆ. ಅಳಿಯನ ಚಿತ್ರಗಳು ಒಂದೂ ಕೆಡದೆ ಸಾಲಾಗಿ ಬಂದವು.

"ಅಪ್ಪ ಬಯ್ಯುವ ಮೊದಲು ಇನ್ನೊಂದು ಹೇಳಿಬಿಡ್ತೇನೆ ಮಾವ," ಎಂದ ಅಳಿಯ. "ವಿಂಡೋಸಿನಲ್ಲಿ ಗಂಟೆ ಐದೂವರೆ ತಾಸು ಹಿಂದೆ ತೋರಿಸ್ತಾ ಉಂಟು. ನಾನು ಎಂತದೂ ಮುಟ್ಟಿಲ್ಲ."

ಅವನದ್ದೇನೂ ತಪ್ಪಿರಲಿಲ್ಲ. ಯಂತ್ರದೊಳಗಿನ ಗಡಿಯಾರವನ್ನು ಉಬುಂಟು ಗ್ರೀನಿಚ್ ಹೊತ್ತೆಂದು ಇಡುತ್ತದೆ, ವಿಂಡೋಸ್ ಅದನ್ನೇ ಊರಿನ ಹೊತ್ತೆಂದು ಓದುತ್ತದೆ. ನೆಟ್ ಇದ್ದಾಗ ತಾನಾಗಿ ಸರಿಹೋಗುತ್ತಿತ್ತು, ಆ ಬೆಳಗ್ಗೆ ನೆಟ್ ಇರಲಿಲ್ಲ. ಉಬುಂಟಿಗೇ ಊರಿನ ಹೊತ್ತು ಒಪ್ಪಿಕೊಳ್ಳಲು ಒಂದು ಆದೇಶ ಕೊಟ್ಟರೆ ಮುಗಿಯಿತು. ವರ್ಷಕ್ಕೆರಡು ಸಲ ಗಡಿಯಾರ ಮುಂದೆ ಹಿಂದೆ ಮಾಡುವ ದೇಶಗಳಲ್ಲಿ ಇದು ತಲೆನೋವು ಕೊಡುತ್ತದೆ, ನಮ್ಮಲ್ಲಿ ಆ ಪದ್ಧತಿ ಇಲ್ಲ. ಭಾವನೇ ಟೈಪು ಮಾಡಿದರು, ಪಾಸ್‌ವರ್ಡ್ ಕೊಟ್ಟರು, ನನ್ನ ಮುಖ ನೋಡಿದರು.

"ಇದಕ್ಕೆ ಎಂಟರ್ ಒತ್ತಬಹುದಾ ಭಾವ?"

"ಇದಕ್ಕೆ ಒತ್ತಿ."